ದುಬೈನ ಫ್ರೈಟ್ ಸೇಲ್ಸ್ ಕೆಲಸ: ಹುಬ್ಬಳ್ಳಿಯ ತಮ್ಮನಿಗೆ ಉತ್ತರ

ಅಕ್ಕಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ನೀನು ಕೇಳಿದ್ದು ಇಷ್ಟು: ಊರು ಹುಬ್ಬಳ್ಳಿ, ಈಗ ಬೆಂಗಳೂರಿನ ಒಂದು ಫ್ರೈಟ್ ಫಾರ್ವರ್ಡಿಂಗ್ ಕಂಪನಿಯಲ್ಲಿ, ಅಂದರೆ ಬೇರೆಯವರ ಸರಕನ್ನು ದೇಶದಿಂದ ದೇಶಕ್ಕೆ ಸಾಗಿಸಿಕೊಡುವ ಕಂಪನಿಯಲ್ಲಿ, ಕಸ್ಟಮರ್ ಸರ್ವಿಸ್ ಕೆಲಸ. ದುಬೈನಿಂದ ಸೇಲ್ಸ್ ಎಕ್ಸಿಕ್ಯುಟಿವ್ ಆಫರ್ ಬಂದಿದೆ. ತಿಂಗಳಿಗೆ 5,000 ದಿರ್ಹಮ್, ಮೇಲೆ ಇನ್ಸೆಂಟಿವ್. ಬರಬಹುದಾ, ಒತ್ತಡ ತಡೆಯಬಹುದಾ, ಅರೇಬಿಕ್ ಬೇಕಾ, ಮದುವೆಯಾದ ಮೇಲೆ ಹೆಂಡತಿಯನ್ನು ಕರೆಸಿಕೊಳ್ಳಬಹುದಾ?

ನಾನು ದಾವಣಗೆರೆಯವಳು. ಇಲ್ಲಿಗೆ ಬಂದು ಮೊದಲು ಡಾಕ್ಯುಮೆಂಟೇಷನ್ ಟೇಬಲ್‌ನಲ್ಲಿ ಕೂತೆ, ಆಮೇಲೆ ಸೇಲ್ಸ್‌ಗೆ ಬಂದೆ, ಇಲ್ಲೇ ಉಳಿದೆ. ನನಗೆ ಗೊತ್ತಿರುವುದು ದುಬೈ ಮಾತ್ರ. ಯುರೋಪ್, ಅಮೆರಿಕದಲ್ಲಿ ಇದೇ ಕೆಲಸ ಹೇಗಿರುತ್ತದೆ ಅಂತ ನನ್ನನ್ನು ಕೇಳಬೇಡ.

ಸುಲಭದ ಪ್ರಶ್ನೆ ಮೊದಲು. ಅರೇಬಿಕ್ ಬಂದರೆ ಒಳ್ಳೆಯದು, ಬರದಿದ್ದರೆ ಕೆಲಸ ನಿಲ್ಲುವುದಿಲ್ಲ. ಈ ವ್ಯಾಪಾರ ಇಲ್ಲಿ ನಡೆಯುವುದು ಇಂಗ್ಲಿಷ್, ಹಿಂದಿ, ಉರ್ದು, ಮಲಯಾಳದಲ್ಲಿ. ಟ್ರಕ್ಕಿನವರು ಪಾಕಿಸ್ತಾನದವರು, ಶಿಪ್ಪಿಂಗ್ ಲೈನಿನ (ಹಡಗು ಕಂಪನಿಯ) ಕೌಂಟರ್‌ನಲ್ಲಿ ಕೇರಳದವರು, ಆಪರೇಷನ್ಸ್‌ನಲ್ಲಿ ಫಿಲಿಪ್ಪೀನ್ಸಿನ ಹುಡುಗಿ, ಅಕೌಂಟ್ಸ್‌ನಲ್ಲಿ ಮಂಗಳೂರಿನವರು. ಎಷ್ಟೋ ಆಫೀಸುಗಳು ಹೀಗೇ ಇವೆ. ನಿನ್ನ ಹುಬ್ಬಳ್ಳಿ ಹಿಂದಿ ಇಲ್ಲಿ ಧಾರಾಳವಾಗಿ ನಡೆಯುತ್ತದೆ. ಚಹಾ ಹೊತ್ತಿನಲ್ಲಿ ಕನ್ನಡಕ್ಕಿಂತ ತುಳು ಜಾಸ್ತಿ ಕಿವಿಗೆ ಬೀಳುತ್ತದೆ. ನೀನು ಕನ್ನಡದಲ್ಲಿ ಶುರು ಮಾಡಿದರೆ ಅವರೂ ಕನ್ನಡಕ್ಕೇ ಬರುತ್ತಾರೆ.

ಇನ್ನು ಕೆಲಸದ ವಿಷಯ. ಕಸ್ಟಮರ್ ಸರ್ವಿಸ್‌ನಿಂದ ಸೇಲ್ಸ್‌ಗೆ ಬರುವ ಹುಡುಗರು, ದರ ಕಡಿಮೆ ಕೊಟ್ಟರೆ ಬುಕಿಂಗ್ ತಾನಾಗಿಯೇ ಬರುತ್ತದೆ ಅಂದುಕೊಂಡಿರುತ್ತಾರೆ. ಸ್ವಲ್ಪ ಯೋಚಿಸು. ನಮ್ಮ ಹತ್ತಿರ ಹಡಗಿಲ್ಲ, ವಿಮಾನವಿಲ್ಲ, ಎಷ್ಟೋ ಕಂಪನಿಗಳಿಗೆ ಸ್ವಂತದ ಒಂದು ಟ್ರಕ್ಕೂ ಇಲ್ಲ. ಲೈನಿನಿಂದ ಜಾಗ ಕೊಂಡು, ನಮ್ಮ ಲಾಭ ಸೇರಿಸಿ ಮಾರುತ್ತೇವೆ. ಅದೇ ಹಡಗಿನ ಅದೇ ಜಾಗವನ್ನು ದುಬೈನ ದೇರಾ, ಗರ್ಹೂದ್, ಕರಾಮಾದಲ್ಲಿ ಕೂತಿರುವ ಎಷ್ಟೋ ಫಾರ್ವರ್ಡರ್‌ಗಳೂ ಮಾರುತ್ತಿದ್ದಾರೆ. ಅದರ ಮೇಲೆ ಈಗ ಮೇರ್ಸ್ಕ್‌ನಂಥ ಲೈನುಗಳು ತಮ್ಮ ವೆಬ್‌ಸೈಟಿನಲ್ಲೇ ದರ ತೋರಿಸುತ್ತವೆ. ಗಿರಾಕಿ ಒಂದೇ ಮೆಸೇಜನ್ನು ಐದಾರು ಜನರಿಗೆ ಕಳಿಸುತ್ತಾನೆ: 'ಜಬಲ್ ಅಲಿ ಟು ಮೊಂಬಾಸಾ, ಒಂದು ನಲವತ್ತು ಅಡಿ, ಬೆಸ್ಟ್ ರೇಟ್ ಪ್ಲೀಸ್.' ಅಂದರೆ ದುಬೈನ ಬಂದರಿನಿಂದ ಕೀನ್ಯಾಕ್ಕೆ ನಲವತ್ತು ಅಡಿಯ ಒಂದು ಕಂಟೇನರ್. ಹತ್ತು ಡಾಲರ್ ಕಡಿಮೆ ಕೊಟ್ಟು ಇವತ್ತು ಗೆದ್ದರೆ, ನಾಳೆ ಇನ್ನೊಬ್ಬ ಹನ್ನೊಂದು ಕಡಿಮೆ ಕೊಡುತ್ತಾನೆ.

ಇಷ್ಟೊಂದು ಫಾರ್ವರ್ಡರ್‌ಗಳು ಒಂದೇ ಊರಲ್ಲಿ ಯಾಕೆ ಅಂದರೆ, ಈ ಊರು ನಿಂತಿರುವುದೇ ಮರು ರಫ್ತಿನ ಮೇಲೆ. ಜಬಲ್ ಅಲಿ ಬಂದರು ಶುರುವಾಗಿದ್ದು 1979ರಲ್ಲಿ, ಪಕ್ಕದ ಫ್ರೀ ಝೋನ್ (ಸುಂಕವಿಲ್ಲದ ವ್ಯಾಪಾರ ವಲಯ) 1985ರಲ್ಲಿ. ಚೀನಾದ ಟೈರು, ಟೈಲ್ಸು, ಬಟ್ಟೆ ಇಲ್ಲಿ ಇಳಿಯುತ್ತದೆ. ಇಲ್ಲಿಂದ ಮೊಂಬಾಸಾ, ದಾರ್ ಎಸ್ ಸಲಾಮ್, ಬರ್ಬೆರಾ, ಇರಾಕಿನ ಉಮ್ ಕಸರ್ ಕಡೆ ಹೋಗುತ್ತದೆ. ನಿನ್ನ ಗಿರಾಕಿ ಸೊಮಾಲಿಯಾದವನಿರಬಹುದು, ಸುಡಾನಿನವನಿರಬಹುದು, ಗುಜರಾತಿ ಸೇಠ್ ಇರಬಹುದು. ಅಲ್ ರಾಸ್‌ನ ಮಸಾಲೆ ಅಂಗಡಿಯ ಹಿಂದೆ ಮೇಜು ಹಾಕಿಕೊಂಡು ಕೂತವನು ತಿಂಗಳಿಗೆ ಇಪ್ಪತ್ತು ಕಂಟೇನರ್ ಸಾಗಿಸುತ್ತಿರಬಹುದು. ಗಾಜಿನ ಆಫೀಸಿನಲ್ಲಿ ಕಾಫಿ ಕೊಟ್ಟವನಿಂದ ವರ್ಷಕ್ಕೆ ಎರಡು ಕಂಟೇನರ್ ಬರಬಹುದು. ವೇಷ ನೋಡಿ ಲೆಕ್ಕ ಹಾಕುವ ಅಭ್ಯಾಸ ಇದ್ದರೆ ಬೆಂಗಳೂರಿನಲ್ಲೇ ಬಿಟ್ಟು ಬಾ.

ಈಗ ಟಾರ್ಗೆಟ್. ಇದನ್ನು ಪೆನ್ನು ಹಿಡಿದು ಓದು. ನಾನು ನೋಡಿದ ಕಂಪನಿಗಳಲ್ಲಿ ಸಾಮಾನ್ಯ ಲೆಕ್ಕ ಏನೆಂದರೆ, ನಿನ್ನ ಸಂಬಳದ ಮೂರು ಪಟ್ಟಾದರೂ ಗ್ರಾಸ್ ಪ್ರಾಫಿಟ್, ಅಂದರೆ ಕೊಂಡ ದರಕ್ಕೂ ಮಾರಿದ ದರಕ್ಕೂ ನಡುವಿನ ಲಾಭ, ತರಬೇಕು, ಅದರ ಮೇಲೆ ತಂದದ್ದಕ್ಕೆ ಮಾತ್ರ ಇನ್ಸೆಂಟಿವ್. ಸಂಬಳ 5,000 ಅಂದರೆ ತಿಂಗಳಿಗೆ 15,000 ದಿರ್ಹಮ್ ಲಾಭ. ಒಂದು ಕಂಟೇನರ್‌ಗೆ ಸರಾಸರಿ 300 ದಿರ್ಹಮ್ ಉಳಿಯಿತು ಅಂತ ಇಟ್ಟುಕೋ. 50 ಕಂಟೇನರ್ ಆಯಿತು, ತಿಂಗಳಿಗೆ! ಇನ್ಸೆಂಟಿವ್ ಶುರುವಾಗುವುದು 51ನೆಯದರಿಂದ. ಹೊಸಬನಿಗೆ ಇದು ಮೊದಲ ತಿಂಗಳಲ್ಲಿ ಆಗುವ ಮಾತಲ್ಲ. ಮೊದಲ ಮೂರು ತಿಂಗಳು ಟಾರ್ಗೆಟ್ ಕಡಿಮೆ ಇದೆಯಾ, ಹಳೆಯ ಗಿರಾಕಿಗಳನ್ನೇನಾದರೂ ಕೈಗೆ ಕೊಡುತ್ತಾರಾ, ಬರೀ ಖಾಲಿ ಡೈರಿ ಕೊಟ್ಟು ಕಳಿಸುತ್ತಾರಾ, ಕೇಳು. 'ಅನ್‌ಲಿಮಿಟೆಡ್ ಇನ್ಸೆಂಟಿವ್' ಅನ್ನುವ ಮಾತು ಆಫರ್ ಲೆಟರ್‌ನಲ್ಲಿದ್ದರೆ ನನಗಂತೂ ಅನುಮಾನ ಬರುತ್ತದೆ.

ಬರೀ ಕಂಟೇನರ್ ಮಾರಿ ಟಾರ್ಗೆಟ್ ಮುಟ್ಟುವವರು ಕಡಿಮೆ. ಲಾಭ ಇರುವುದು ತೊಡಕಿನ ಸರಕಿನಲ್ಲಿ. ಏರ್ ಫ್ರೈಟ್, ಎಲ್‌ಸಿಎಲ್ (ಒಂದೇ ಕಂಟೇನರನ್ನು ಹಲವರು ಹಂಚಿಕೊಳ್ಳುವ ಸರಕು), ಅಳತೆ ಮೀರಿದ ಯಂತ್ರ, ಕೆಮಿಕಲ್, ಕಸ್ಟಮ್ಸ್ ಕ್ಲಿಯರೆನ್ಸ್ ಮತ್ತು ಡೆಲಿವರಿ ಸೇರಿದ ಪೂರ್ತಿ ಕೆಲಸ. ನಿನ್ನ ಈಗಿನ ಅನುಭವಕ್ಕೆ ಬೆಲೆ ಬರುವುದು ಇಲ್ಲೇ. ಗಿರಾಕಿ ಫೋನಿನಲ್ಲಿ 'ಹತ್ತು ಬಾಕ್ಸ್ ಇದೆ, ಒಂದೊಂದು ಎಂಟು ಕಿಲೋ, ಎಂಬತ್ತು ಕಿಲೋಗೆ ಏರ್ ರೇಟ್ ಕೊಡು' ಅನ್ನುತ್ತಾನೆ. ಬಾಕ್ಸಿನ ಅಳತೆ ಕೇಳಿದರೆ 60, 50, 40 ಸೆಂಟಿಮೀಟರ್. ವಿಮಾನದಲ್ಲಿ ತೂಕ, ಹಿಡಿಯುವ ಜಾಗ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಜಾಗದ ಲೆಕ್ಕಕ್ಕೆ ಅಳತೆ ಗುಣಿಸಿ 6,000ದಿಂದ ಭಾಗಿಸಿದರೆ ಬಾಕ್ಸಿಗೆ 20 ಕಿಲೋ. ಏರ್‌ಲೈನ್ ದುಡ್ಡು ಕೇಳುವುದು 80ಕ್ಕಲ್ಲ, 200 ಕಿಲೋಗೆ. ಇದು ನಿನಗೆ ದಿನನಿತ್ಯದ ಮಾತು. ಸೇಲ್ಸ್‌ಗೆ ನೇರವಾಗಿ ಬಂದ ಎಷ್ಟೋ ಜನ ಅಳತೆ ಕೇಳದೆ 80 ಕಿಲೋಗೆ ದರ ಕೊಟ್ಟು, ಆಮೇಲೆ ಗಿರಾಕಿಯ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಬಂದರಿನ ಹ್ಯಾಂಡ್ಲಿಂಗ್ ಚಾರ್ಜ್, ಸರಕು ಬಿಡಿಸಿಕೊಳ್ಳುವ ಡೆಲಿವರಿ ಆರ್ಡರ್ ಚಾರ್ಜ್, ಕಂಟೇನರ್ ಇಟ್ಟುಕೊಳ್ಳುವ ಫ್ರೀ ಡೇಸ್ ಮುಗಿದ ಮೇಲೆ ಬೀಳುವ ಡಿಟೆನ್ಷನ್ ಚಾರ್ಜ್, ಇವನ್ನೆಲ್ಲ ಕೊಟೇಷನ್‌ನಲ್ಲೇ ಬಿಡಿಸಿ ಬರೆಯುವವನ ಹತ್ತಿರ ಗಿರಾಕಿ ಎರಡನೇ ಸಲ ಬರುತ್ತಾನೆ. ಸುಮ್ನೆ 'ಎಲ್ಲಾ ಸೇರಿ ಇಷ್ಟು' ಅಂದವನು ಬಿಲ್ ಕೊಟ್ಟ ದಿನ ಸಿಕ್ಕಿಬೀಳುತ್ತಾನೆ.

ಆದರೆ ನನ್ನ ಅನುಭವದಲ್ಲಿ ಗಿರಾಕಿ ಗಟ್ಟಿಯಾಗುವುದು ದರ ಕೊಟ್ಟ ದಿನ ಅಲ್ಲ, ಸರಕು ಸಿಕ್ಕಿಹಾಕಿಕೊಂಡ ದಿನ. ಕಂಟೇನರ್ ಯಾವಾಗಲೋ ಒಮ್ಮೆ ಸಿಕ್ಕಿಹಾಕಿಕೊಂಡೇ ಕೊಳ್ಳುತ್ತದೆ. ಹಡಗು ಭರ್ತಿ ಅಂತ ಬುಕಿಂಗನ್ನು ಮುಂದಿನ ವಾರಕ್ಕೆ ತಳ್ಳುತ್ತಾರೆ, ಬಿಲ್ ಆಫ್ ಲೇಡಿಂಗ್ ಅನ್ನುವ ಸಾಗಣೆ ಪತ್ರದಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿರುತ್ತದೆ, ಕಸ್ಟಮ್ಸ್‌ನವರು ತಪಾಸಣೆಗೆ ಹಾಕುತ್ತಾರೆ. ಆ ಕೆಟ್ಟ ಸುದ್ದಿಯನ್ನು ಗಿರಾಕಿಗೆ ಮೊದಲು ಹೇಳುವವನು ನೀನಾಗಿರಬೇಕು. ಬೇರೆಯವರಿಂದ ತಿಳಿದರೆ ಮುಗಿಯಿತು.

2023ರ ನವೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಯಿತಲ್ಲ, ಡಿಸೆಂಬರ್ ಹೊತ್ತಿಗೆ ದೊಡ್ಡ ಲೈನುಗಳು ಸೂಯೆಜ್ ದಾರಿ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋಗತೊಡಗಿದವು. ಯುರೋಪಿನ ಸರಕಿಗೆ ಹತ್ತು, ಹದಿನಾಲ್ಕು ದಿನ ಜಾಸ್ತಿ. ಕೆಂಪು ಸಮುದ್ರದ ದಡದಲ್ಲಿರುವ ಸೌದಿಯ ಜೆಡ್ಡಾಕ್ಕೆ ಹೋಗಬೇಕಾದ ಕಂಟೇನರ್‌ಗಳನ್ನು ಜಬಲ್ ಅಲಿಯಲ್ಲಿ ಇಳಿಸಿ, ಸೌದಿ ಗಡಿ ದಾಟಿಸಿ ಟ್ರಕ್ಕಿನಲ್ಲಿ ಕಳಿಸಿದೆವು. ಯುರೋಪಿಗೆ ಅವಸರವಿದ್ದ ಬಟ್ಟೆಯ ಸರಕು ದುಬೈವರೆಗೆ ಹಡಗಿನಲ್ಲಿ ಬಂದು, ಇಲ್ಲಿಂದ ವಿಮಾನ ಹತ್ತಿತು. ಆ ತಿಂಗಳುಗಳಲ್ಲಿ ಬೇರೆ ದಾರಿ ತೋರಿಸಿದವರಿಗೆ ಕೆಲಸವೋ ಕೆಲಸ. ಹಳೆಯ ದರಪಟ್ಟಿ ಹಿಡಿದು 'ಲೈನಿನವರು ಏನೂ ಹೇಳುತ್ತಿಲ್ಲ' ಅಂತ ಕೂತವರ ಗಿರಾಕಿಗಳು ನಮ್ಮ ಕಡೆ ಬಂದರು. ಆಮೇಲೆ 2024ರ ಏಪ್ರಿಲ್ 16ರಂದು ಆ ದಾಖಲೆಯ ಮಳೆ ಬಂತು. ರಸ್ತೆಗಳು ಮುಳುಗಿದವು, ವಿಮಾನ ನಿಲ್ದಾಣ ಅಸ್ತವ್ಯಸ್ತ. ಮನೆಯಲ್ಲೇ ಕೂತು ಒಬ್ಬೊಬ್ಬರಿಗೇ ಫೋನ್ ಮಾಡಿ, 'ನಿಮ್ಮ ಸರಕು ಎಲ್ಲಿದೆ ಅಂತ ಇನ್ನೂ ಗೊತ್ತಾಗಿಲ್ಲ, ಸಂಜೆ ಮತ್ತೆ ಮಾಡುತ್ತೇನೆ' ಅಂದೆ. ಬೈದವರೂ ಇದ್ದರು. ಬೈದವರೇ ಇವತ್ತಿಗೂ ಬುಕಿಂಗ್ ಕೊಡುತ್ತಿದ್ದಾರೆ.

ಒತ್ತಡ ತಡೆಯಬಹುದಾ ಅಂತ ಕೇಳಿದ್ದೆ. ಟಾರ್ಗೆಟ್‌ನ ಒತ್ತಡ ತಿಂಗಳ ಕೊನೆಯ ವಾರದ್ದು, ಅದು ಅಭ್ಯಾಸವಾಗುತ್ತದೆ. ಫೋನ್ ಮಾತ್ರ ಯಾವತ್ತೂ ಸುಮ್ಮನಿರುವುದಿಲ್ಲ. ಬಂದರು ಹಗಲು ರಾತ್ರಿ ನಡೆಯುತ್ತದೆ, ಚೀನಾ ನಮಗಿಂತ ನಾಲ್ಕು ಗಂಟೆ ಮುಂದಿದೆ, ಆಫ್ರಿಕಾದ ಗಿರಾಕಿ ಊಟವಾದ ಮೇಲೆ ವಾಟ್ಸಾಪ್ ತೆಗೆಯುತ್ತಾನೆ. 2022ರಿಂದ ಸರ್ಕಾರಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾಗಿದೆ. ನಮ್ಮ ಧಂದೆಯಲ್ಲಿ ಶನಿವಾರ ಅರ್ಧ ದಿನ ಬಾ ಅನ್ನುವ ಆಫೀಸುಗಳು ಇನ್ನೂ ಇವೆ. ಇದನ್ನೂ ಮೊದಲೇ ಕೇಳಿಕೋ.

ಹೊಸಬರಿಗೆ ಯಾರೂ ಹೇಳದ ಇನ್ನೊಂದು ವಿಷಯ ವಸೂಲಿ. ಇಲ್ಲಿ ಗಿರಾಕಿಗೆ 30, 45, 60 ದಿನದ ಕ್ರೆಡಿಟ್ ಕೊಡುವುದು ಮಾಮೂಲಿ. ಲೈನಿಗೆ ನಾವು ಮೊದಲೇ ಕಟ್ಟಿರುತ್ತೇವೆ, ಗಿರಾಕಿಯ ದುಡ್ಡು ಆಮೇಲೆ ಬರುತ್ತದೆ. ತಂದವನೇ ವಸೂಲಿ ಮಾಡಬೇಕು, ಅಂದರೆ ನೀನೇ. ದುಡ್ಡು ಬರುವವರೆಗೆ ಇನ್ಸೆಂಟಿವ್ ಇಲ್ಲ. ಮುಂದಿನ ತಾರೀಖಿನ ಚೆಕ್ ತೆಗೆದುಕೊಳ್ಳುತ್ತಾರೆ. ಹಿಂದೆ ಚೆಕ್ ಬೌನ್ಸ್ ಅಂದರೆ ಪೊಲೀಸ್ ಕೇಸು ಅನ್ನುವ ಭಯವಿತ್ತು. 2022ರ ಜನವರಿಯಿಂದ ಕಾನೂನು ಬದಲಾಗಿ, ಬರೀ ಖಾತೆಯಲ್ಲಿ ದುಡ್ಡಿಲ್ಲದೆ ಬೌನ್ಸ್ ಆದರೆ ಅದು ಹೆಚ್ಚಾಗಿ ಸಿವಿಲ್ ವಸೂಲಿಯ ದಾರಿಗೇ ಹೋಗುತ್ತದೆ. ನನಗೆ ಗೊತ್ತಿದ್ದ ಒಬ್ಬ ಗಿರಾಕಿ ಒಂದು ಬೇಸಿಗೆ ರಜೆಗೆ ಅಂತ ಊರಿಗೆ ಹೋದವನು ಬರಲೇ ಇಲ್ಲ. ಅಂಗಡಿ ಬೀಗ ಹಾಗೇ ಇತ್ತು. ಆಗ ನಾನಿದ್ದ ಕಂಪನಿ ಆ ನಷ್ಟವನ್ನು ನನ್ನ ಮುಂದಿನ ಇನ್ಸೆಂಟಿವ್‌ಗಳಲ್ಲಿ ಮುರಿದುಕೊಂಡಿತು. ಅವನಿಗೆ ಕ್ರೆಡಿಟ್ ಮಂಜೂರು ಮಾಡಿದ್ದು ಮ್ಯಾನೇಜರ್, ಸಹಿಯೂ ಅವರದೇ. ಅದಕ್ಕೇ ಹೇಳುವುದು, ಮುಳುಗಿದ ಬಾಕಿಗೆ ಯಾರು ಹೊಣೆ ಅನ್ನುವುದನ್ನು ಇನ್ಸೆಂಟಿವ್ ಪಾಲಿಸಿಯಲ್ಲಿ ಬರೆಸಿಕೋ. ಬಾಯಿಮಾತು ಬೇಡ.

ನಿನಗೆ ಗಿರಾಕಿಗಳು ಎಲ್ಲಿ ಸಿಗುತ್ತಾರೆ? ನಾನಾದರೆ ಊರ ಕಡೆಯಿಂದ ಶುರು ಮಾಡುತ್ತಿದ್ದೆ. ಬೆಳಗಾವಿ ಫೌಂಡ್ರಿಗಳ ಎರಕದ ಭಾಗಗಳು, ಹಾವೇರಿ ಸೀಮೆಯ ಬ್ಯಾಡಗಿ ಮೆಣಸಿನಕಾಯಿ, ಕರಾವಳಿಯ ಗೋಡಂಬಿ, ಇವುಗಳನ್ನು ಯಾರು ಹೊರಗೆ ಕಳಿಸುತ್ತಾರೆ ಅಂತ ನಿನಗೆ ಗೊತ್ತಿರುತ್ತದೆ, ಅಥವಾ ನಾಲ್ಕು ಫೋನಿನಲ್ಲಿ ಗೊತ್ತಾಗುತ್ತದೆ. ನೆನಪಿಟ್ಟುಕೋ, ಎಫ್‌ಒಬಿ, ಅಂದರೆ ಸರಕನ್ನು ಹಡಗಿಗೆ ಏರಿಸುವವರೆಗೆ ಮಾತ್ರ ಮಾರುವವನ ಹೊಣೆ ಅನ್ನುವ ಷರತ್ತಿನ ಮೇಲೆ ವ್ಯಾಪಾರವಾದರೆ ಹಡಗಿನ ಬಾಡಿಗೆ ಕಟ್ಟುವವನು ಕೊಳ್ಳುವವನು. ಫಾರ್ವರ್ಡರ್ ಯಾರು ಅಂತ ತೀರ್ಮಾನಿಸುವವನೂ ಅವನೇ. ಅವನು ಕೂತಿರುವುದು ಇಲ್ಲಿ, ಅಲ್ ರಾಸ್‌ನಲ್ಲೋ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲೋ. ಬೆಂಗಳೂರಿನಲ್ಲಿ ನೀನು ಎಷ್ಟು ಬಾಗಿಲು ತಟ್ಟಿದರೂ ಸಿಗದ ಕೆಲಸ ಇಲ್ಲಿ ಒಂದು ಭೇಟಿಯಲ್ಲಿ ಸಿಗಬಹುದು. ನಾವು ಇದನ್ನು ನಾಮಿನೇಷನ್ ಅನ್ನುತ್ತೇವೆ. ಆಗ ನಿನ್ನ ಹಳೆಯ ಆಫೀಸಿನವರೇ ಅಲ್ಲಿ ನಿನ್ನ ಏಜೆಂಟ್ ಆಗಿ ಕೆಲಸ ಮಾಡಬಹುದು. ಹಾಗಾಗಿ ರಾಜೀನಾಮೆ ಕೊಡುವಾಗ ಅಲ್ಲಿ ಯಾರ ಮನಸ್ಸೂ ಕೆಡಿಸಬೇಡ.

ಭಾರತ ಮತ್ತು ಯುಎಇ ನಡುವಿನ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಇಲ್ಲಿ ಸಾಮಾನ್ಯ ಆಮದು ಸುಂಕ ಶೇ 5. ಒಪ್ಪಂದದ ಪ್ರಕಾರ ಸರಿಯಾದ ಸರ್ಟಿಫಿಕೇಟ್ ಆಫ್ ಒರಿಜಿನ್ (ಸರಕು ಯಾವ ದೇಶದ್ದು ಅನ್ನುವ ಪತ್ರ) ಇದ್ದರೆ ಎಷ್ಟೋ ಸರಕಿಗೆ ಅದೂ ಇಲ್ಲ. ಚಿಕ್ಕ ಆಮದುದಾರರಲ್ಲಿ ಕೆಲವರು ಇವತ್ತಿಗೂ ಕಾಗದ ತರಿಸದೆ ಸುಮ್ಮನೆ ಸುಂಕ ಕಟ್ಟುತ್ತಿರುತ್ತಾರೆ. ಇಂಥವನಿಗೆ ದರಪಟ್ಟಿ ತೋರಿಸುವ ಮೊದಲು ಈ ಉಳಿತಾಯದ ಲೆಕ್ಕ ತೋರಿಸಿದರೆ, ಅವನು ನಿನಗೆ ಕುರ್ಚಿ ಎಳೆದು ಕೊಡುತ್ತಾನೆ.

ದಿನದ ಓಡಾಟದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕಾರಿಲ್ಲದೆ ಈ ಕೆಲಸ ಕಷ್ಟ. ಮೆಟ್ರೋ ಚೆನ್ನಾಗಿದೆ, ಆದರೆ ಅಲ್ ಖೂಜ್‌ನ ಗೋದಾಮಿನ ಬಾಗಿಲಿಗೆ ಅದು ಬಿಡುವುದಿಲ್ಲ. ಜುಲೈ ಬಿಸಿಲಲ್ಲಿ ಸ್ಟೇಷನ್ನಿನಿಂದ ಒಂದು ಕಿಲೋಮೀಟರ್ ನಡೆದು ಹೋದವನ ಅಂಗಿ ನೋಡಿದರೆ ಗಿರಾಕಿಗೆ ಮೊದಲು ಬರುವುದು ಕನಿಕರ. ನಮ್ಮ ಭಾರತದ ಲೈಸೆನ್ಸನ್ನು ನೇರವಾಗಿ ಬದಲಾಯಿಸಿ ಕೊಡುವುದಿಲ್ಲ, ಟೆಸ್ಟ್ ಪಾಸಾಗಲೇಬೇಕು. ಕ್ಲಾಸು, ಟೆಸ್ಟು ಎಲ್ಲಾ ಸೇರಿ ಸಾವಿರಗಟ್ಟಲೆ ದಿರ್ಹಮ್ ಹೋಗುತ್ತದೆ. ಫೇಲಾದಷ್ಟೂ ಖರ್ಚು. ಕಂಪನಿ ಕಾರು ಕೊಡುತ್ತದಾ, ಅಲೋಯನ್ಸ್ ಕೊಡುತ್ತದಾ, ಪೆಟ್ರೋಲ್ ಮತ್ತು ಸಾಲಿಕ್ ಟೋಲ್ ಯಾರದು? ಟೋಲ್ ಗೇಟಿಗೆ ಪೀಕ್ ಹೊತ್ತಿನಲ್ಲಿ ಈಗ 6 ದಿರ್ಹಮ್. ಜಬಲ್ ಅಲಿಗೆ ಹೋಗಿ ಬಂದರೆ ಸಣ್ಣ ಲೆಕ್ಕವೇನೂ ಅಲ್ಲ.

ನಿನ್ನ ಜೊತೆ ಕೆಲಸ ಮಾಡುವ ಹುಡುಗಿಯೂ ಬರುವ ಯೋಚನೆಯಲ್ಲಿದ್ದಾಳೆ ಅಂತ ಬರೆದಿದ್ದೀಯ. ಬರಲಿ. ಗೋದಾಮು, ಟ್ರಕ್ ಯಾರ್ಡ್‌ಗಳಿಗೆ ನಾನು ಒಬ್ಬಳೇ ಹೋಗಿದ್ದೇನೆ, ರಾತ್ರಿ ಒಬ್ಬಳೇ ಕಾರು ಓಡಿಸಿಕೊಂಡು ಮನೆಗೆ ಬಂದಿದ್ದೇನೆ. ಕೆಲವು ಹಳೇ ಕಾಲದ ಸೇಠ್‌ಗಳು ಮೊದಲ ಭೇಟಿಯಲ್ಲಿ 'ನಿಮ್ಮ ಸರ್ ಬರಲಿಲ್ವಾ' ಅನ್ನುತ್ತಾರೆ. ಎರಡನೇ ಸಾಗಣೆಯ ಹೊತ್ತಿಗೆ ಆ ಸರ್ ಮರೆತುಹೋಗಿರುತ್ತಾರೆ.

ಹೆಂಡತಿಯನ್ನು ಕರೆಸಿಕೊಳ್ಳುವ ವಿಷಯ. ಕಾನೂನಿನ ಪ್ರಕಾರ ತಿಂಗಳಿಗೆ 4,000 ದಿರ್ಹಮ್ ಸಂಬಳ, ಅಥವಾ 3,000 ಮತ್ತು ಮನೆ ಇದ್ದರೆ ಕುಟುಂಬದ ವೀಸಾ ಮಾಡಿಸಬಹುದು. ಹಾಗಾಗಿ 5,000ಕ್ಕೆ ವೀಸಾ ಸಿಗುತ್ತದೆ, ಸಂಸಾರ ನಡೆಯುವುದಿಲ್ಲ. ಒಂಟಿಯಾಗಿದ್ದರೆ ಕರಾಮಾದಲ್ಲೋ ದೇರಾದಲ್ಲೋ ಬೆಡ್ ಸ್ಪೇಸ್ (ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚದ ಜಾಗ) ಹಿಡಿದು, ಮೆಸ್ಸಿನಲ್ಲಿ ಉಂಡು, ಊರಿಗೆ ಅಷ್ಟಿಷ್ಟು ಕಳಿಸಬಹುದು. ಆದಾಯ ತೆರಿಗೆ ಇಲ್ಲವಲ್ಲ. ಮನೆ ಅಂದರೆ ಲೆಕ್ಕವೇ ಬೇರೆ. ಬಾಡಿಗೆ ವರ್ಷದ ಲೆಕ್ಕದಲ್ಲಿ, ಕೆಲವೇ ಚೆಕ್‌ಗಳಲ್ಲಿ ಮುಂಗಡ. ಜೊತೆಗೆ ಡಿಪಾಸಿಟ್, ಏಜೆಂಟ್ ಕಮಿಷನ್. ಶಾರ್ಜಾದಲ್ಲಿ ಬಾಡಿಗೆ ಕಡಿಮೆ, ಆದರೆ ಉಳಿಸಿದ ದುಡ್ಡಿಗೆ ಬದಲು ಬೆಳಿಗ್ಗೆ ಸಂಜೆ ಟ್ರಾಫಿಕ್ಕಿನಲ್ಲಿ ಆಯಸ್ಸು ಕೊಡಬೇಕು. ಆಕೆಗೂ ಕೆಲಸ ಸಿಕ್ಕಿದರೆ ಬದುಕು ಸಲೀಸು. ಮೊದಲ ಎರಡು ವರ್ಷ ನೀನೊಬ್ಬನೇ ಇರುವ ಲೆಕ್ಕ ಹಾಕಿಕೊಂಡೇ ಬಾ, ಇದನ್ನು ಮದುವೆಗೆ ಮೊದಲೇ ನೀನು ಕೈ ಹಿಡಿಯುವ ಹುಡುಗಿಗೂ ಹೇಳು.

ಈಗ ಕಾಗದ. ಆಫರ್‌ನಲ್ಲಿ 5,000 ಅಂತ ಒಟ್ಟು ಮೊತ್ತ ಬರೆದಿದ್ದಾರೆ ಅಂದೆ. ಅದರಲ್ಲಿ ಬೇಸಿಕ್ ಎಷ್ಟು? ಇಲ್ಲಿ ಗ್ರಾಚ್ಯುಟಿ ಸಿಗುವುದು ಬೇಸಿಕ್ ಮೇಲೆ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಲೆಕ್ಕ. ಬೇಸಿಕ್ 2,000 ಆದರೆ ವರ್ಷಕ್ಕೆ 1,400 ದಿರ್ಹಮ್, 3,000 ಆದರೆ 2,100. ಒಟ್ಟು ಸಂಬಳ ಅಷ್ಟೇ ಇದ್ದರೂ ಹೋಗುವ ದಿನ ಕೈಗೆ ಬರುವುದು ಬೇರೆ. ಪ್ರೊಬೇಷನ್ ಆರು ತಿಂಗಳಿಗಿಂತ ಜಾಸ್ತಿ ಇರುವಂತಿಲ್ಲ. ಆ ಅವಧಿಯಲ್ಲಿ ಅವರು 14 ದಿನದ ನೋಟಿಸ್ ಕೊಟ್ಟು ತೆಗೆಯಬಹುದು. ಟಾರ್ಗೆಟ್ ಮುಟ್ಟದ ಸೇಲ್ಸ್‌ನವರನ್ನು ತೆಗೆಯುವುದೂ ಆಗಲೇ. ನೀನೇ ಇಲ್ಲಿನ ಇನ್ನೊಂದು ಕಂಪನಿಗೆ ಹೋಗುವುದಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು. ಸ್ಪರ್ಧಿ ಕಂಪನಿ ಸೇರುವಂತಿಲ್ಲ ಅನ್ನುವ ಷರತ್ತನ್ನು ಎರಡು ವರ್ಷದವರೆಗೆ ಹಾಕಲು ಕಾನೂನಿನಲ್ಲಿ ಅವಕಾಶ ಇದೆ, ಸೇಲ್ಸ್ ಹುದ್ದೆಗೆ ಅದನ್ನು ಹಾಕುವವರೂ ಜಾಸ್ತಿ. ನಿನ್ನ ಪ್ರತಿಯಲ್ಲಿ ಇದೆಯಾ ನೋಡು, ಇದ್ದರೆ ಎಷ್ಟು ತಿಂಗಳು, ಯಾವ ಊರಿಗೆ ಅಂತ ಓದು.

ವೀಸಾ ಖರ್ಚು ಕಂಪನಿಯದು, ನಿನ್ನಿಂದ ವಸೂಲಿ ಮಾಡುವಂತಿಲ್ಲ. ಬೆಂಗಳೂರಿನ ಯಾವನಾದರೂ ಏಜೆಂಟ್ ಸರ್ವಿಸ್ ಚಾರ್ಜ್ ಅಂತ ಲಕ್ಷ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸು. ವಿಸಿಟ್ ವೀಸಾದಲ್ಲಿ ಬಾ, ಕೆಲಸ ಶುರು ಮಾಡು, ಆಮೇಲೆ ಬದಲಾಯಿಸೋಣ ಅಂದರೂ ಒಪ್ಪಬೇಡ. ಆ ವೀಸಾದಲ್ಲಿ ಕೆಲಸ ಮಾಡುವುದು ಅಪರಾಧ. ಡಿಗ್ರಿ ಸರ್ಟಿಫಿಕೇಟಿನ ಅಟೆಸ್ಟೇಷನ್ ಊರಲ್ಲಿದ್ದಾಗಲೇ ಮುಗಿಸಿಕೋ, ರಾಜ್ಯದ್ದು, ವಿದೇಶಾಂಗ ಸಚಿವಾಲಯದ್ದು, ಯುಎಇ ದೂತಾವಾಸದ್ದು, ಮೂರೂ.

ನಿನ್ನ ಜಾಗದಲ್ಲಿ ನಾನಿದ್ದರೆ ಈ ಆಫರನ್ನು ಹೀಗೇ ಒಪ್ಪುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ. ಬೇಸಿಕ್ 3,000ಕ್ಕೆ ಏರಿಸಿ, ಕಾರು ಅಥವಾ ಅಲೋಯನ್ಸ್ ಕೊಡಿ, ಮೊದಲ ಮೂರು ತಿಂಗಳ ಟಾರ್ಗೆಟ್ ಅರ್ಧ ಮಾಡಿ ಅಂತ ಮೂರೇ ಮಾತು ಕೇಳುತ್ತಿದ್ದೆ. ಎರಡಕ್ಕಾದರೂ ಹೂಂ ಅಂದರೆ ಬಾ. ಒಂದಕ್ಕೂ ಇಲ್ಲ ಅಂದರೆ ಅಲ್ಲೇ ಇನ್ನೊಂದು ವರ್ಷ ಇದ್ದು ಏರ್ ಫ್ರೈಟ್ ಡೆಸ್ಕ್‌ನಲ್ಲಿ ಕೆಲಸ ಕಲಿ, ಇದಕ್ಕಿಂತ ಒಳ್ಳೆಯ ಆಫರ್ ಬಂದೇ ಬರುತ್ತದೆ. ಇನ್ಸೆಂಟಿವ್ ಪಾಲಿಸಿಯ ಪ್ರತಿ ಸಿಕ್ಕಿದರೆ ಕಂಪನಿ ಹೆಸರು ಮುಚ್ಚಿ ನನಗೆ ಕಳಿಸು, ಓದಿ ಹೇಳುತ್ತೇನೆ. ಆಫರ್ ಕಾಗದಕ್ಕೆ ಎರಡೂ ಕಡೆಯ ಸಹಿ ಬಿದ್ದು, ಎಂಟ್ರಿ ಪರ್ಮಿಟ್ ಕೈಗೆ ಬರುವವರೆಗೂ ಬೆಂಗಳೂರಿನಲ್ಲಿ ರಾಜೀನಾಮೆ ಕೊಡಬೇಡ.